ಜೆ.ಸಿ. ರಸ್ತೆಯಲ್ಲಿ ಬ್ರೇಕ್ ತಟ್ಟೆ ಕೊಳ್ಳುವ ಮುನ್ನ

ಪುಟ್ಟಣ್ಣ ಚೆಟ್ಟಿ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಒಮ್ಮೆ ನಡೆದು ನೋಡಿ. ಮೊದಲು ಸಿಗುವುದು ರವೀಂದ್ರ ಕಲಾಕ್ಷೇತ್ರ. ನಾಟಕ, ಸಂಗೀತ, ಸನ್ಮಾನಗಳ ಆ ಆವರಣ ದಾಟಿದರೆ ಸಾಕು, ರಸ್ತೆಯ ಭಾಷೆಯೇ ಬದಲಾಗುತ್ತದೆ. ಕ್ಲಚ್ ಪ್ಲೇಟು, ಬೇರಿಂಗು, ಸೀಟ್ ಕವರು, ಹಾರನ್ನು! ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ರಸ್ತೆ ಬೆಂಗಳೂರಿನ ವಾಹನಪ್ರಿಯರ ಪಾಲಿಗೆ ಬಿಡಿಭಾಗಗಳ ಸಂತೆ. ಪಶ್ಚಿಮಕ್ಕೆ ಕಲಾಸಿಪಾಳ್ಯ, ಅದರಾಚೆ 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ. ಮಿನರ್ವ ವೃತ್ತ ದಾಟಿ ವಿಶ್ವೇಶ್ವರಪುರದ ಮೂಲಕ ಹೋದರೆ ಬಸವನಗುಡಿ. ನಡುವೆ ಈ ಗ್ರೀಸಿನ ವಾಸನೆಯ ಬೀದಿ.

ಇಲ್ಲಿಗೆ ಬರುವ ಕಾಲೇಜು ಹುಡುಗರ ಕಣ್ಣು ಮೊದಲು ನೆಡುವುದು ತೂತು ಕೊರೆದ, ಗೀರು ಹಾಕಿದ, ಫಳಫಳ ಹೊಳೆಯುವ ಬ್ರೇಕ್ ಡಿಸ್ಕುಗಳ ಮೇಲೆ. ಕಾರಿನ ಎಂಜಿನ್ನಿಗೆ ಚುರುಕು ತುಂಬಿದ ಮೇಲೆ ಬ್ರೇಕೂ ದೊಡ್ಡದಾಗಬೇಕಲ್ಲ ಎಂಬುದು ಮಗನ ವಾದ. ಇಷ್ಟು ದುಡ್ಡು ಒಂದು ಕಬ್ಬಿಣದ ತಟ್ಟೆಗೇ ಎಂಬುದು ಅಪ್ಪನ ಅನುಮಾನ. ಇಬ್ಬರ ಮಾತಿನಲ್ಲೂ ಸತ್ಯವಿದೆ. ತೀರ್ಪು ಮಾತ್ರ ಪಿ.ಯು.ಸಿ. ಭೌತಶಾಸ್ತ್ರದ ಪುಸ್ತಕದಲ್ಲಿದೆ.

ಬ್ರೇಕ್ ಮಾಡುವ ಕೆಲಸ ಒಂದೇ: ಚಲನೆಯ ಶಕ್ತಿಯನ್ನು ಶಾಖವಾಗಿಸುವುದು. ಸಾವಿರ ಕೆ.ಜಿ. ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿರುವ ಶಕ್ತಿ 50 ಸಾವಿರ ಜೌಲ್. ವೇಗ 72ಕ್ಕೆ ಏರಿದರೆ ಅದು 2 ಲಕ್ಷ. ವೇಗ ಇಮ್ಮಡಿ, ಶಾಖ ನಾಲ್ಮಡಿ! ಇದರಲ್ಲಿ ಶೇಕಡ 70ರಷ್ಟು ಮುಂದಿನ ಚಕ್ರಗಳ ಪಾಲಿಗೆ ಬಂತೆನ್ನಿ. ಆಗ ಒಂದೊಂದು ಡಿಸ್ಕಿಗೆ 70 ಸಾವಿರ ಜೌಲ್. ಐದು ಕೆ.ಜಿ.ಯ ಬೀಡುಕಬ್ಬಿಣದ ಡಿಸ್ಕು ಒಮ್ಮೆ ನಿಂತದ್ದಕ್ಕೆ ಸುಮಾರು 28 ಡಿಗ್ರಿ ಬಿಸಿಯಾಗುತ್ತದೆ. ಏಳು ಕೆ.ಜಿ.ಯದಾದರೆ 20 ಡಿಗ್ರಿ. ದೊಡ್ಡ ಡಿಸ್ಕಿನ ಮುಖ್ಯ ಲಾಭ ಇದೇ. ಒಂದೇ ಸಲ ಗಟ್ಟಿಯಾಗಿ ನಿಲ್ಲಿಸಲು ಕಂಪನಿ ಕೊಟ್ಟ ಡಿಸ್ಕೇ ಸಾಮಾನ್ಯವಾಗಿ ಸಾಕು. ಆಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಕೊನೆಗೆ ನಿರ್ಧರಿಸುವುದು ಟೈರಿನ ಹಿಡಿತ. ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾದಾಗಲೇ ದೊಡ್ಡ ಡಿಸ್ಕು ಬೆಲೆ ತೀರಿಸುವುದು.

ಅಂಥ ಸಂದರ್ಭ ಎಲ್ಲಿ? ಗಾಂಧಿ ಬಜಾರಿನಲ್ಲಂತೂ ಅಲ್ಲ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲೂ ಅಲ್ಲ. ಭಾನುವಾರದ ಬೆಳಗಿನ ಜಾವ ಹುಡುಗರು ಹೊರಡುವ ನಂದಿಬೆಟ್ಟದಲ್ಲಿ! ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎನ್ನಿ. ಬಿಡುಗಡೆಯಾಗುವ ಶಕ್ತಿ 49 ಲಕ್ಷ ಜೌಲ್. ಗೇರ್ ತಪ್ಪಿಸಿ ಬ್ರೇಕನ್ನೇ ನಂಬಿ ಇಳಿದರೆ, 72 ಕಿ.ಮೀ. ವೇಗದಿಂದ 24 ಬಾರಿ ನಿಂತಷ್ಟು ಶಾಖ ಅದರ ಮೇಲೆ ಬೀಳುತ್ತದೆ. ಮಿತಿ ಮೀರಿ ಕಾದ ಪ್ಯಾಡು ಹಿಡಿತ ಬಿಡುತ್ತದೆ. ಬ್ರೇಕ್ ದ್ರವ ಕುದಿದರೆ ಪೆಡಲು ಒತ್ತಿದರೂ ಮೆತ್ತಗೆ ಒಳಗಿಳಿಯುತ್ತದೆ. ತಿರುವು ಮಾತ್ರ ಕಾಯುವುದಿಲ್ಲ. ಆದ್ದರಿಂದ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿಗೂ ಕೆಲಸದ ಪಾಲು ಕೊಡಬೇಕು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಈಗ ಅಂಗಡಿಯೊಳಗೆ ಹೋಗೋಣ. ಎರಡು ಫಲಕಗಳ ನಡುವೆ ಗಾಳಿ ಹಾಯುವಂತೆ ಮಾಡಿದ್ದು ವೆಂಟಿಲೇಟೆಡ್ ಡಿಸ್ಕು. ಚುರುಕು ಕಾರಿನ ಮುಂದಿನ ಚಕ್ರಗಳಿಗೆ ಇದು ಸರಿ. ಕೆಲವು ಡಿಸ್ಕುಗಳಲ್ಲಿ ಒಳಗಿನ ಎಲೆಗಳು ಒಂದು ದಿಕ್ಕಿಗೆ ಬಾಗಿರುತ್ತವೆ. ಅಂಥವಕ್ಕೆ ಎಡ ಬಲ ಬೇರೆ ಬೇರೆ, ಕೇಳಿ ತೆಗೆದುಕೊಳ್ಳಿ. ಗೀರು ಹಾಕಿದ ಡಿಸ್ಕು ಪ್ಯಾಡಿನ ಮುಖದ ದೂಳು, ನೀರನ್ನು ಒರೆಸುತ್ತದೆ, ಆದರೆ ಪ್ಯಾಡು ಬೇಗ ಸವೆಯುತ್ತದೆ. ತೂತಿನ ಡಿಸ್ಕು ನೋಡಲು ಚೆಂದ, ಮಳೆಯಲ್ಲಿ ಅನುಕೂಲವೂ ಹೌದು. ಆದರೆ ಅತಿಯಾಗಿ ಕಾದು ತಣಿದರೆ ಬಿರುಕು ಆ ತೂತುಗಳಿಂದಲೇ ಶುರುವಾಗಬಹುದು. ದಿನವೂ ಕಾಲೇಜಿಗೆ ಹೋಗುವ ಕಾರಿಗೆ ತೂತೂ ಬೇಡ, ಗೀರೂ ಬೇಡ. ಒಳ್ಳೆಯ ತಯಾರಕರ ಸಾದಾ ಡಿಸ್ಕೇ ಜಾಣತನ.

ದುಡ್ಡು ಖರ್ಚು ಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲು ಟೈರು. ಆಮೇಲೆ ಬ್ರೇಕ್ ದ್ರವ: ಇದು ಗಾಳಿಯ ತೇವ ಹೀರುತ್ತದೆ. ಡಾಟ್-4 ದ್ರವ ಹೊಸದಾಗಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ನಿಯಮ; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೂರನೆಯದು ಪ್ಯಾಡು. ಡಿಸ್ಕು ಕೊನೆಗೆ.

ಹಳೆಯ ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಸವೆದಿದ್ದರೆ ಮತ್ತೆ ಕಡೆಸುವ ಮಾತೇ ಬೇಡ, ಬದಲಿಸಿ. ಎಡ ಬಲ ಜೊತೆಯಾಗಿಯೇ ಬದಲಿಸಬೇಕು. ಅಳತೆ ದೊಡ್ಡದಾದರೆ ಕ್ಯಾಲಿಪರು, ಚಕ್ರದ ರಿಮ್ಮು ಎಲ್ಲವೂ ಬದಲಾಗಬೇಕಾದೀತು, ಮುಂದಿನ ಮತ್ತು ಹಿಂದಿನ ಬ್ರೇಕುಗಳ ಸಮತೋಲ ತಪ್ಪೀತು. ತಯಾರಕರು ಕೊಟ್ಟ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯಿದೆ ಎಂಬುದೂ ನೆನಪಿರಲಿ. ಬಿಲ್ಲು ಕೊಡದ ಅಂಗಡಿಯ ಅಗ್ಗದ ಮಾಲು ಅಗ್ಗವಲ್ಲ. ಹೊಸ ಡಿಸ್ಕು ಹಾಕಿಸಿದ ಮೊದಲ ದಿನವೇ ಪರೀಕ್ಷೆಗೆ ಒಡ್ಡಬೇಡಿ. ಖಾಲಿ ರಸ್ತೆಯಲ್ಲಿ ಹಲವು ಬಾರಿ ಹದವಾಗಿ ಬ್ರೇಕ್ ಒತ್ತಿ, ನಡುವೆ ತಣಿಯಲು ಬಿಟ್ಟು ಪ್ಯಾಡನ್ನು ಹೊಂದಿಸಿಕೊಳ್ಳಬೇಕು.

ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಜಾಗ್ವಾರ್ ಕಾರು ಗೆದ್ದಾಗ ಜಗತ್ತು ಅದರತ್ತ ತಿರುಗಿ ನೋಡಿತು. ಕಾಯದೆ ಮತ್ತೆ ಮತ್ತೆ ನಿಲ್ಲಬಲ್ಲ ಕಾರಿಗೆ ತಿರುವಿನ ಹತ್ತಿರದವರೆಗೂ ವೇಗವಾಗಿ ಓಡುವ ಧೈರ್ಯ ಇರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಪರ್ಧೆಗಳಲ್ಲೂ ಇದೇ ಪಾಠ: ಬ್ರೇಕ್ ಒತ್ತಿದಾಗ ನಾಲ್ಕು ಚಕ್ರಗಳೂ ಕಚ್ಚಿ ನಿಂತವು ಎಂದು ತೋರಿಸದ ಹೊರತು ಕಾರನ್ನು ಓಟಕ್ಕೆ ಬಿಡುವುದಿಲ್ಲ. ಮಗನ ಕೈಗೆ ಕಾರಿನ ಕೀಲಿ ಕೊಡುವ ಮನೆಗಳೂ ಈ ನಿಯಮವನ್ನು ಪಾಲಿಸಿದರೆ ಒಳ್ಳೆಯದು.