ಎರಡನೆಯ ಬ್ಯಾಟರಿ

ನನ್ನ ಅಳಿಯಂದಿರದು ನಾಲ್ಕು ಚಕ್ರವೂ ಎಳೆಯುವ ದೊಡ್ಡ ಗಾಡಿ. ಅದಕ್ಕೆ ಎರಡು ಬ್ಯಾಟರಿ. ಅಣ್ಣನಿಗೆ ಎಂಜಿನ್ನನ್ನು ಎಬ್ಬಿಸುವ ಕೆಲಸ. ತಮ್ಮನಿಗೆ ಹಿಂದಿನ ಪುಟ್ಟ ಫ್ರಿಜ್ಜನ್ನು ನೋಡಿಕೊಳ್ಳುವ ಕೆಲಸ. ಅದರಲ್ಲಿ ಹಾಲು, ಮೊಸರು, ನನ್ನಾಕೆಯ ಇನ್ಸುಲಿನ್.

ಆಸ್ಟ್ರೇಲಿಯದ ನಲ್ಲಾರ್ಬರ್ ಬಯಲಿನಲ್ಲಿ ದಿನವಿಡೀ ಗಾಡಿ ಓಡಿಸಿ, ತಮ್ಮನ ಹೊಟ್ಟೆಯೂ ತುಂಬಿರಬೇಕೆಂದು ನಿಶ್ಚಿಂತೆಯಿಂದ ಮಲಗಿದೆವು. ಬೆಳಗ್ಗೆ ನೋಡಿದರೆ ಫ್ರಿಜ್ಜಿನ ದೀಪ ಆರಿದೆ! ತುಂಬಿದ ಬ್ಯಾಟರಿಗೆ ಸುಮಾರು 12.7 ವೋಲ್ಟು ಇರಬೇಕು, ಮೀಟರು 11.5 ತೋರಿಸಿತು.

“ಹೊಸ ಮಾದರಿ ಗಾಡಿ, ಮಾವ,” ಎಂದು ಅಳಿಯಂದಿರು ತಲೆ ಕೆರೆದುಕೊಂಡರು. ಅಣ್ಣನ ಹೊಟ್ಟೆ ತುಂಬಿತೆಂದರೆ ಇದರ ಆಲ್ಟರ್ನೇಟರು ಡೀಸೆಲ್ ಉಳಿಸಲು ವೋಲ್ಟೇಜು ಇಳಿಸಿಬಿಡುತ್ತದಂತೆ. ಇಳಿದೊಡನೆ ನಡುವಣ ರಿಲೇ ಅಣ್ಣತಮ್ಮಂದಿರನ್ನು ಬೇರೆ ಮಾಡುತ್ತದೆ. ತಮ್ಮನಿಗೋ 14ಕ್ಕೂ ಮೇಲೆ ಬೇಕು. ಅಷ್ಟಕ್ಕೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರನ್ನು ‘ಮುಂದಿನ ತಿಂಗಳು’ ಹಾಕಿಸುವವರಿದ್ದರು. ಆ ಮುಂದಿನ ತಿಂಗಳು ಎಲ್ಲ ದೇಶಗಳಲ್ಲೂ ಉಂಟು, ನೋಡಿ.

ಸೆಡೂನ ಊರು ಇನ್ನೂ ಸುಮಾರು 300 ಕಿಲೋಮೀಟರು. ನನಗೆ ಎದೆ ಹೊಡೆದುಕೊಂಡಿತು.

“ಯಾಕೆ ಗಾಬರಿ? ಸೆಖೆ 30 ಡಿಗ್ರಿ ದಾಟದ ಹಾಗೆ ನೋಡಿಕೊಂಡರೆ ನಾಲ್ಕು ವಾರ ತಡೆಯುತ್ತೆ ಅಂತ ಡಾಕ್ಟರು ಹೇಳಲಿಲ್ಲವೆ?” ಎಂದಳು ಆಕೆ. ಸೀಸೆಗಳನ್ನು ಸ್ಟೀಲು ಡಬ್ಬಿಗೆ ಹಾಕಿ, ನನ್ನ ಒಗೆದ ಪಂಚೆಯನ್ನೇ ನೆನೆಸಿ ಸುತ್ತಿ, ತಂಗಾಳಿ ಬೀಸುವಲ್ಲಿ ಕೂತಳು.

ಸೆಡೂನದಲ್ಲಿ ಚಾರ್ಜರು ಬಂತು, ದಪ್ಪ ತಂತಿಯೂ ಬಂತು. ಮೀಟರಿನಲ್ಲಿ 14.4 ಕಂಡು ಅಳಿಯಂದಿರು ನಮ್ಮನ್ನೆಲ್ಲ ಕರೆದು ತೋರಿಸಿದರು. ನನ್ನಾಕೆ ಮಾತ್ರ ಅಡಿಲೇಡ್ ಮುಟ್ಟುವ ತನಕ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ.