ಬಿದ್ದ ಮರ ಎದ್ದ ಬಗೆ

ಬಿದ್ದ ತೆಂಗಿನಮರವನ್ನು ನಾನು ಎತ್ತಿ ನಿಲ್ಲಿಸಿದೆನೆಂದರೆ ನಮ್ಮ ಹೊನ್ನವಳ್ಳಿಯಲ್ಲಿ ಯಾರೂ ನಂಬಲಾರರು. ಆದರೂ ಕಳೆದ ಬೇಸಗೆಯಲ್ಲಿ, ಹನ್ನೆರಡು ಸೆಕೆಂಡುಗಳ ಮಟ್ಟಿಗೆ, ಆ ಪವಾಡ ನನ್ನ ಕೈಯಿಂದಲೇ ನಡೆಯಿತು.

ನಮ್ಮ ತೋಟದ ಮೂಡಲ ಬದುವಿನಲ್ಲಿದ್ದ ಆ ಮರವನ್ನು ನೆಟ್ಟವಳು ನನ್ನ ಅಜ್ಜಿ. ಮದುವೆಯಾಗಿ ಬಂದ ವರ್ಷವೇ ಸಸಿಯಿಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದಳಂತೆ. ಕೊಳವೆಬಾವಿ ಬತ್ತಿದ ಮೇಲೆ ಗರಿಗಳು ಒಂದೊಂದಾಗಿ ಜೋತುಬಿದ್ದು, ಕಡೆಗೆ ಸುಳಿಯೂ ಒಣಗಿತು. ದಾರಿಹೋಕರ ಮೇಲೆ ಬಿದ್ದೀತೆಂದು ಅಪ್ಪ ಅದನ್ನು ಕಡಿಸಿದರು. ಅವರೆಲ್ಲ ಹಗ್ಗ ಹಿಡಿದು ಎಳೆಯುತ್ತಿದ್ದಾಗ ನಾನು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತಿದ್ದೆ. ಓದಿದ ಮಗನಿಂದ ಆ ದಿನ ಆದ ಉಪಕಾರ ಅಷ್ಟೆ.

ಆ ರಾತ್ರಿ ಏನು ತೋಚಿತೋ, ಆ ತುಣುಕನ್ನು ಹಿಂದುಮುಂದಾಗಿ ತಿರುಗಿಸಿದೆ. ವಿದ್ಯೆಯೇನೋ ಹಳೆಯದೇ. 1896ರಲ್ಲಿ ಫ್ರಾನ್ಸಿನ ಲೂಯಿ ಲೂಮಿಯೇರ್, ಕೂಲಿಯವರು ಗೋಡೆ ಕೆಡವುವುದನ್ನು ಚಿತ್ರಿಸಿದ. ಆ ಸುರುಳಿಯನ್ನು ಹಿಂದಕ್ಕೆ ಓಡಿಸಿದಾಗ ಎದ್ದ ಧೂಳೆಲ್ಲ ಅಡಗಿ ಗೋಡೆ ತಾನಾಗಿ ಎದ್ದು ನಿಂತಿತು. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಅವರ ಕೆಲಸ ಮುಗಿಯುತ್ತಿತ್ತು. ಮೊಬೈಲಿನ ಪಾಡು ಬೇರೆ. ಸೆಕೆಂಡಿಗೆ 30ರಂತೆ ನನ್ನ ತುಣುಕಿನಲ್ಲಿದ್ದ ಚಿತ್ರಗಳು 360. ಜಾಗ ಉಳಿಸಲೆಂದು ಅದು ಅಲ್ಲೊಂದು ಇಲ್ಲೊಂದು ಚಿತ್ರವನ್ನು ಮಾತ್ರ ಪೂರ್ತಿಯಾಗಿ ಇಟ್ಟುಕೊಂಡು, ಮಿಕ್ಕವುಗಳಲ್ಲಿ ಏನೇನು ಬದಲಾಯಿತೆಂಬ ಲೆಕ್ಕವನ್ನಷ್ಟೇ ಬರೆದಿಡುತ್ತದೆ. ಕಡೆಯದನ್ನು ಮೊದಲು ತೋರಿಸಬೇಕಾದರೆ ಆ ಲೆಕ್ಕವನ್ನೆಲ್ಲ ಬಿಡಿಸಬೇಕು. ನನ್ನ ಹಳೆಯ ಮೊಬೈಲು ಈ ಲೆಕ್ಕದಲ್ಲಿ ಕಾದು ದೋಸೆಯ ಕಾವಲಿಯಾಯಿತು.

ಬೆಳಿಗ್ಗೆ ಅಪ್ಪನಿಗೆ ತೋರಿಸಿದೆ. ಹರಡಿದ ಧೂಳು ಒಟ್ಟುಗೂಡಿ ನೆಲಕ್ಕಿಳಿಯಿತು. ಮರ ಮೆಲ್ಲನೆ ತಲೆಯೆತ್ತಿ ನೆಟ್ಟಗಾಯಿತು. ವಿಚಿತ್ರವೆಂದರೆ ಪಕ್ಕದ ಮರಗಳ ಗರಿಗಳು ಮಾತ್ರ ಹೇಗೆ ಓಡಿಸಿದರೂ ಒಂದೇ ರೀತಿ ತೂಗುತ್ತಿದ್ದವು. ತೂಗುವುದಕ್ಕೆ ಹಿಂದುಮುಂದಿಲ್ಲವೆಂದು ತೋರುತ್ತದೆ.

“ಮರ ಏನೋ ಎದ್ದು ನಿಂತ್ಕೊಂತು ಕಣ್ಲಾ. ನಾನ್ಯಾಕೆ ಹಿಂದಿಂದಕ್ಕೆ ನಡೀತಿದೀನಿ?” ಎಂದರು ಅಪ್ಪ.

ಸಿನಿಮಾದವರು ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಚಿತ್ರ ತೆಗೆಯುವಾಗ ಮನುಷ್ಯನನ್ನು ಹಿಮ್ಮುಖವಾಗಿ ನಡೆಸಿದರೆ, ತಿರುಗಿಸಿದ ಮೇಲೆ ಅವನು ನೇರವಾಗಿ ನಡೆಯುತ್ತಾನೆ. ಸುತ್ತಲಿನ ಲೋಕವಷ್ಟೇ ಹಿಂದಕ್ಕೆ ಹೋಗುತ್ತದೆ. ಇದನ್ನು ಬಹಳ ಉತ್ಸಾಹದಿಂದ ವಿವರಿಸಿದೆ.

“ಹಂಗಾದ್ರೆ ಇನ್ನೊಂದು ಮರ ಕಡೀಬೇಕು” ಎಂದು ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು.

ಅಜ್ಜಿಗೆ ಕಣ್ಣು ಮಂಜು. ಜಗಲಿಯ ಮೇಲೆ ಕುಳಿತು ಆಕೆ ಕೇಳಿದ್ದು ಸದ್ದನ್ನು ಮಾತ್ರ. ಚಿತ್ರದ ಜೊತೆಗೆ ಸದ್ದೂ ತಿರುಗಿತ್ತು. ಮರ ಉರುಳಿದಾಗ ಆಕೆಯೇ “ಅಯ್ಯೋ” ಎಂದು ಕೂಗಿದ್ದಳು. ಈಗ ಅದು “ಓಯ್ಯ” ಎಂದು, ದೂರದಲ್ಲಿರುವ ಯಾರನ್ನೋ ಕರೆದಂತೆ ಕೇಳಿಸಿತು.

“ಯಾರ್ಲಾ ಅದು, ಯಾರನ್ನ ಕರೀತಾವ್ಳೆ?” ಎಂದಳು.

ನಿನ್ನ ದನಿಯೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ಸಲ ಹಾಕು ಎಂದಳು. ಹಾಕಿದೆ.