ಕೊಕ್ಕರೆಗಳ ತವರಿನಲ್ಲಿ ಒಂದು ಹಗಲು

ಮದ್ದೂರು ಸೀಮೆಯ ಮಕ್ಕಳಿಗೆ ಬೇಸಿಗೆಯ ರಜೆಯೆಂದರೆ ಅಜ್ಜಿಯ ಮನೆಯೆಂದೇ ಅರ್ಥ. ಶಾಲೆಯ ಬಾಗಿಲು ಮುಚ್ಚಿದ ಮರುದಿನವೇ ಬಟ್ಟೆಯ ಗಂಟು ಹೊರಡಬೇಕು. ತಾಯಿಗೆ ತವರು, ಮಕ್ಕಳಿಗೆ ಮಾವಿನ ತೋಪು. ಆ ಅಜ್ಜಿಯೇ ಇಲ್ಲದ ವರ್ಷ ರಜೆಯನ್ನು ಕಳೆಯುವ ಬಗೆ ಹೇಗೆಂಬುದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಸೋಮನಹಳ್ಳಿಯ ಒಂದು ಮನೆಯಲ್ಲಿ ಏಪ್ರಿಲ್ ತಿಂಗಳ ನಡುವೆ ಈ ಪ್ರಶ್ನೆಯೇ ಎದ್ದಿತು. ಆ ಮನೆಯ ಗೃಹಿಣಿ ಹಿಂದಿನ ಕಾರ್ತಿಕದಲ್ಲಿ ತನ್ನ ತಾಯಿಯನ್ನು ಕಳೆದುಕೊಂಡಿದ್ದಳು. ಏಳು ವರ್ಷದ ಮಗಳೂ ನಾಲ್ಕು ತುಂಬದ ಮಗನೂ ಮೂರು ದಿನ ಮೊಬೈಲಿನ ಮುಂದೆ ಕದಲದೆ ಕುಳಿತುದನ್ನು ಕಂಡು, ನಾಲ್ಕನೆಯ ದಿನ ಅವಳು, “ಏಳಿ, ಕೊಕ್ಕರೆ ಬೆಳ್ಳೂರಿಗೆ ಹೋಗೋಣ” ಎಂದುಬಿಟ್ಟಳು.

ಹೊರಗಿನವರು ಸೋಮನಹಳ್ಳಿಯನ್ನು ಬಲ್ಲುದು 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣರ ಹುಟ್ಟೂರೆಂದು. ಮಕ್ಕಳ ಭೂಗೋಳದಲ್ಲಿ ಮಾತ್ರ ಅದು ಕೊಕ್ಕರೆಗಳಿಗೆ ಹತ್ತಿರದ ಊರು. ಬೆಂಗಳೂರಿನ ದಿಕ್ಕಿಗೆ ಸಾಗಿ, ರುದ್ರಾಕ್ಷಿಪುರದಲ್ಲಿ ಬಲಕ್ಕೆ ತಿರುಗಿದರೆ ಅಲ್ಲಿಂದ ಸುಮಾರು 12 ಕಿಲೋಮೀಟರು. 2023ರ ಆಗಸ್ಟಿನಿಂದ ಹೆದ್ದಾರಿಯ ನಡುದಾರಿಯಲ್ಲಿ ಆಟೋ ರಿಕ್ಷಾಗಳಿಗೆ ಪ್ರವೇಶವಿಲ್ಲವಾದುದರಿಂದ ಬಾಡಿಗೆಯ ಆಟೋ ಪಕ್ಕದ ದಾರಿ ಹಿಡಿದು ನಿಧಾನವಾಗಿಯೇ ನಡೆಯಿತು. ಹೊರಡುವಾಗಲೇ ಹತ್ತೂವರೆ ಗಂಟೆ. ಇಬ್ಬರು ಮಕ್ಕಳಿಗೆ ಸ್ನಾನ, ತಿಂಡಿ ಮುಗಿಸಿ ಬೆಳಗಿನ ತಂಪಿನಲ್ಲಿಯೇ ಹೊರಟ ತಾಯಂದಿರು ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ.

ಬೆಳ್ಳೂರಿನಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಮನೆಗಳ ನಡುವೆಯೇ ಇವೆ. ಹಿತ್ತಿಲ ಹುಣಿಸೆ, ಬೀದಿಯ ಅತ್ತಿ, ಆಲ, ಎಲ್ಲದರ ನೆತ್ತಿಯಲ್ಲಿಯೂ ಗೂಡುಗಳು. ಹೆಜ್ಜಾರ್ಲೆಗಳು ಗಂಟಲ ಚೀಲವನ್ನು ಪಟಪಟನೆ ಅಲುಗಿಸುತ್ತ ಕಾವನ್ನು ಕಳೆದುಕೊಳ್ಳುತ್ತವೆ. ಬಣ್ಣದ ಕೊಕ್ಕರೆಗಳು ಗುಲಾಬಿ ಗರಿಗಳನ್ನು ತೋರುತ್ತ ನಿಲ್ಲುತ್ತವೆ. ಈ ಹಕ್ಕಿಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ಇದು ಬರಿಯ ಉಪಚಾರದ ಮಾತಲ್ಲ. ಗೂಡು ಕಟ್ಟಿದ ಹುಣಿಸೆಯ ಫಲವನ್ನು ಮರದೊಡೆಯನು ಬಡಿಯದೆ ಬಿಡಬೇಕು; ಆ ನಷ್ಟಕ್ಕೆ ಸರ್ಕಾರವು ಪರಿಹಾರ ಕೊಡುವ ಕ್ರಮವಿದೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಲೋಕದ ಗಮನಕ್ಕೆ ತಂದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆನಿಸಿತು. ಮರದಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವುದಕ್ಕೆ ಊರ ಯುವಕರ ‘ಹೆಜ್ಜಾರ್ಲೆ ಬಳಗ’ವಿದೆ. ತವರೆಂಬ ಮಾತನ್ನು ಅಂದು ಎರಡು ಮೂರು ಬಾಯಿಗಳಿಂದ ಕೇಳಿದ ತಾಯಿ ಮಕ್ಕಳಿಗೆ ಅದನ್ನು ವಿವರಿಸಲು ಹೋಗಲಿಲ್ಲ.

ಮಗಳ ಕಣ್ಣಿಗೆ ಮೊದಲು ಬಿದ್ದುದು ಒಂದು ಕೊಕ್ಕರೆ. ಅದು ಸೂರ್ಯನಿಗೆ ಬೆನ್ನು ಕೊಟ್ಟು, ಎರಡು ರೆಕ್ಕೆಗಳನ್ನೂ ಕೊಡೆಯಂತೆ ಅರೆಬಿಚ್ಚಿ ನಿಂತಿತ್ತು. ಆ ನೆರಳಿನಲ್ಲಿ ಮರಿಗಳು ಬಾಯಿ ತೆರೆದು ಬಿದ್ದುಕೊಂಡಿದ್ದುವು. ಮಗನಿಗೆ ಇದಕ್ಕಿಂತ ಹೆಚ್ಚಿನ ಸೋಜಿಗ ಬೇರೊಂದು ಕಡೆ ದೊರೆಯಿತು: ಕೊಕ್ಕರೆ ತನ್ನ ಕಾಲುಗಳ ಮೇಲೆಯೇ ಹಿಕ್ಕೆ ಹಾಕಿಕೊಂಡಿತು! ಆ ತೇವವು ಆರುವಾಗ ಕಾಲುಗಳ ರಕ್ತ ತಂಪಾಗುವುದೆಂಬ ಶಾಸ್ತ್ರವು ಅವನಿಗೆ ಬೇಡವಾಗಿತ್ತು. ಅವನು ಕೇಕೆ ಹಾಕಿ ನಕ್ಕು, ಮರದಿಂದ ಮರಕ್ಕೆ ಓಡಿದನು.

ಒಂದು ಗಂಟೆಯ ಮೇಲೆ ಆ ಓಟ ನಿಂತಿತು. ಹುಡುಗನು ಒಂದು ಜಗಲಿಗೆ ಒರಗಿ ಸುಮ್ಮನಾದನು. ಗಲಾಟೆಯ ಮಗು ಸುಮ್ಮನಾದರೆ ತಾಯಂದಿರಿಗೆ ಅದಕ್ಕಿಂತ ಭಯವಿಲ್ಲ. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು, ಹಣೆ ಸುಡುತ್ತಿತ್ತು. ಮಕ್ಕಳ ಮೈಗೆ ತೂಕದ ಪ್ರಮಾಣದಲ್ಲಿ ಚರ್ಮ ಹೆಚ್ಚು, ಬೆವರು ಕಡಿಮೆ. ಬಿಸಿಲಿನ ಕಾವು ದೊಡ್ಡವರಿಗಿಂತ ಬೇಗ ಅವರೊಳಗೆ ಇಳಿಯುತ್ತದೆ. ಆಟದಲ್ಲಿ ಮುಳುಗಿದ ಮಗು ಬಾಯಾರಿಕೆಯನ್ನು ಹೇಳುವುದೂ ಇಲ್ಲ. ತಾಯಿ ತಂದಿದ್ದ ನೀರಿನ ಸೀಸೆಯನ್ನು ಇಬ್ಬರೂ ದಾರಿಯಲ್ಲಿಯೇ ಬರಿದು ಮಾಡಿದ್ದರು.

ಆ ಜಗಲಿಯ ಮನೆಯ ವೃದ್ಧೆಯೊಬ್ಬಳು ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಮಗುವನ್ನು ಒಳಗಿನ ತಣ್ಣನೆಯ ನೆಲದ ಮೇಲೆ ಮಲಗಿಸಿ, ಅಂಗಿ ಬಿಚ್ಚಿಸಿ, ಒದ್ದೆಯ ಬಟ್ಟೆಯಿಂದ ಕತ್ತು, ಕಂಕುಳು ಒರೆಸಿ, ಬೀಸಣಿಗೆಯನ್ನು ತಾಯಿಯ ಕೈಗೆ ಕೊಟ್ಟಳು. ನೀರಿಗೆ ಉಪ್ಪು, ಸಕ್ಕರೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಗಂಟೆಯಲ್ಲಿ ಹುಡುಗನು ಕಣ್ಣರಳಿಸಿ, “ಇವಳು ಯಾವ ಅಜ್ಜಿ?” ಎಂದು ಕೇಳಿದನು. ತಾಯಿ ಉತ್ತರ ಕೊಡಲಾರದೆ ಬೀಸಣಿಗೆ ಬೀಸುತ್ತಲೇ ಇದ್ದಳು. ವೃದ್ಧೆಯೇ, “ಈ ಊರಿನ ಅಜ್ಜಿ ಕಣಪ್ಪ” ಎಂದಳು.

ಶಿಂಷಾ ನದಿಯನ್ನು ತೋರಿಸುವುದಾಗಿ ಬೆಳಿಗ್ಗೆ ಕೊಟ್ಟಿದ್ದ ಮಾತು ಅಲ್ಲಿಯೇ ಮುರಿಯಿತು. ಮಗಳು ಅತ್ತಳು, ತಾಯಿ ಮಣಿಯಲಿಲ್ಲ. ಹಿಂದಿರುಗುವ ಆಟೋದಲ್ಲಿ ಆಕೆ ಹೊರಗೆ ಮುಖ ಮಾಡಿಯೇ ಕುಳಿತು, ಬಹಳ ಹೊತ್ತಿನ ಮೇಲೆ, “ರೆಕ್ಕೆ ಬಿಚ್ಚಿ ನಿಂತಿತ್ತಲ್ಲ, ಅದು ಅಮ್ಮನೋ ಅಪ್ಪನೋ?” ಎಂದಳು. ನೋಟಕ್ಕೆ ಗಂಡು ಹೆಣ್ಣು ಒಂದೇ. ಮರಿಗಳನ್ನು ಕಾಯುವ ಸರದಿ ಇಬ್ಬರದೂ. ತಾಯಿ, “ಮನೆಗೆ ಹೋಗಿ ಅಪ್ಪನನ್ನು ಕೇಳು” ಎಂದಳು. ರುದ್ರಾಕ್ಷಿಪುರದಲ್ಲಿ ಇಳಿದು ಮಕ್ಕಳಿಗೆ ಎರಡು ಎಳನೀರು ಕೊಡಿಸಿದರು. ಮಗನು ತನ್ನದನ್ನು ಒಂದೇ ಉಸಿರಿಗೆ ಕುಡಿದನು. ತನಗೇನೂ ಬೇಡವೆಂದು ಮುನಿದಿದ್ದ ಮಗಳು ತನ್ನದನ್ನು ಕುಡಿದು ಮುಗಿಸಿ, ಎರಡು ಬುರುಡೆಗಳ ಗಂಜಿಯನ್ನೂ ಕೆರೆದು ತಿಂದಳು.